ಜೈನ ವಾಙ್ಮಯದಲ್ಲಿ ಅಶ್ವಶಿಕ್ಷೆ: ಪಲ್ಲಣ, ಕಡಿವಾಣ ಮತ್ತು ಅಣುವ್ರತ

೧

ಮಲಪ್ರಭೆಯ ದಂಡೆಯ ಮೇಲಿರುವ ರಾಮದುರ್ಗವೂ ಅದರ ಆಸುಪಾಸಿನ ತೊರಗಲ್ಲು, ನರಗುಂದ, ಸವದತ್ತಿಗಳೂ ಕೋಟೆಗಳ ನೆಲವೆಂದು ಪ್ರಸಿದ್ಧವಾಗಿವೆ. ಕೋಟೆಯಿದ್ದಲ್ಲಿ ಕುದುರೆಲಾಯವಿತ್ತೆಂದು ಬೇರೆ ಹೇಳಬೇಕಾದುದಿಲ್ಲ. ತೊರಗಲ್ಲಿನ ಶಿಂಧೆ ಮನೆತನದವರು ಕೊಲ್ಲಾಪುರದ ಛತ್ರಪತಿಗಳ ಅಧೀನದಲ್ಲಿದ್ದು 'ಸೇನಾಖಾಸಖೇಲ' ಎಂಬ ಬಿರುದನ್ನು ಧರಿಸಿದ್ದರು. ೧೭೮೫ರಲ್ಲಿ ಟೀಪೂ ಸುಲ್ತಾನನ ಸೈನ್ಯವು ನರಗುಂದ, ರಾಮದುರ್ಗಗಳ ಮೇಲೆ ನಡೆದು ಬಂದಿತು. ೧೮೫೮ರ ಮೇ ೨೯ರ ರಾತ್ರಿ ನರಗುಂದದ ಬಾಬಾಸಾಹೇಬನ ಜನರು ರಾಮದುರ್ಗಕ್ಕೆ ಸಮೀಪದ ಸುರೇಬಾನದಲ್ಲಿ ಕಂಪನಿ ಸರಕಾರದ ಅಧಿಕಾರಿ ಮ್ಯಾನ್ಸನ್ನನನ್ನು ಕೊಂದಾಗ ಅವನ ಬೆಂಗಾವಲಿಗಿದ್ದವರು ಕೆಲವೇ ಮಂದಿ ರಾವುತರು. ೧೯೪೮ರಲ್ಲಿ ರಾಮದುರ್ಗ ಸಂಸ್ಥಾನವು ವಿಲೀನಗೊಂಡ ಬಳಿಕ ಈ ಭಾಗದಲ್ಲಿ ಕುದುರೆಯು ಟಾಂಗಾದ ಮುಂದೆ ಕೆಲವು ಕಾಲ ಉಳಿದು, ಆಮೇಲೆ ಅಲ್ಲಿಂದಲೂ ಮರೆಯಾಯಿತು.

ನಾನು ಬಾಲ್ಯದಲ್ಲಿ ಕಂಡ ಒಬ್ಬ ವೃದ್ಧ ಟಾಂಗಾದವರ ಹಿರಿಯರು ಸಂಸ್ಥಾನಿಕರ ಲಾಯದಲ್ಲಿ ಮೋತದ್ದಾರರಾಗಿದ್ದರಂತೆ. ಕುದುರೆಯ ಹೊಟ್ಟೆಯ ಪಟ್ಟಿಯನ್ನು ಬಿಗಿಯುತ್ತ ಅವರು ಹೇಳಿದ ಮಾತು ಇಂದಿಗೂ ನೆನಪಿನಲ್ಲಿದೆ: "ತಮ್ಮಾ, ಪಟ್ಟಿ ಬಿಗದ ಕೂಡ್ಲೇ ಹತ್ತಬಾರದು. ಅದು ಹೊಟ್ಟಿ ಉಬ್ಬಿಸಿಕೊಂಡು ನಿಂತಿರ್ತದ. ನಾಕ ಹೆಜ್ಜಿ ನಡಸಿ, ಉಸಿರ ಬಿಟ್ಟ ಮ್ಯಾಲೆ ಮತ್ತ ಬಿಗೀಬೇಕು. ಇಲ್ಲಾಂದ್ರ ಜೀನು ಜಾರತದ, ಬೈಗಳ ಮಾತ್ರ ಕುದರಿಗೆ." ಮುಂದೆ ತಾಳೆಗರಿಗಳ ಕೆಲಸದಲ್ಲಿ ತೊಡಗಿದ ಮೇಲೆ ಪಲ್ಲಣ, ಅಂಕವಣೆ, ವಾಘೆ, ಚಮ್ಮಟಿಗೆ ಮೊದಲಾದ ಶಬ್ದಗಳು ಎದುರಾದಾಗಲೆಲ್ಲ ಆ ಮಾತು ಮನಸ್ಸಿಗೆ ಬರುತ್ತಿತ್ತು. ನಿಘಂಟು ಶಬ್ದಕ್ಕೆ ಶಬ್ದವನ್ನು ಕೊಡುತ್ತದೆ. ಆ ವಸ್ತುವು ಕುದುರೆಯ ಮೈಮೇಲೆ ಎಲ್ಲಿ ಕೂಡುತ್ತದೆ, ಏಕೆ ಕೂಡುತ್ತದೆ ಎಂಬುದನ್ನು ಬಲ್ಲವರು ಬೇರೆಯೇ ಇದ್ದರು.

ಪ್ರಸ್ತುತ ಲೇಖನದಲ್ಲಿ ಜೈನ ವಾಙ್ಮಯದಲ್ಲಿ ದೊರೆಯುವ ಅಶ್ವಶಿಕ್ಷೆಯ ಸಾಮಗ್ರಿಯನ್ನು ಸ್ಥೂಲವಾಗಿ ಪರಿಶೀಲಿಸಿ, ಅದರ ಹಿಂದಿರುವ ಒಂದು ನಿಲುವನ್ನು ವಿದ್ವಾಂಸರ ಗಮನಕ್ಕೆ ತರಲು ಯತ್ನಿಸಿದೆ. ಕುದುರೆಯ ದೋಷವೆಂದು ಲೋಕವು ಎಣಿಸುವುದು ಬಹುಮಟ್ಟಿಗೆ ಶಿಕ್ಷಕನ ದೋಷವೆಂಬುದೇ ಆ ನಿಲುವು.

೨

ಪಶುವೈದ್ಯ, ಪಶುಲಕ್ಷಣಗಳನ್ನು ಕುರಿತ ಕನ್ನಡ ಗ್ರಂಥಗಳಲ್ಲಿ ಜೈನರ ಪಾಲು ಗಣನೀಯವಾದುದು. ಚಾಲುಕ್ಯ ರಾಜಕುಮಾರ ಕೀರ್ತಿವರ್ಮನ 'ಗೋವೈದ್ಯ'ವು ಹನ್ನೆರಡನೆಯ ಶತಮಾನದ ಆದಿಭಾಗದ್ದು. ಅಭಿನವಚಂದ್ರನ 'ಅಶ್ವವೈದ್ಯ'ವನ್ನು ಸುಮಾರು ೧೪೦೦ರ ಕಾಲದ್ದೆಂದು ಎಣಿಸಲಾಗಿದೆ. ಮೈಸೂರಿನ ಚಾಮರಾಜ ಒಡೆಯರ ಆಳ್ವಿಕೆಯಲ್ಲಿ (೧೬೧೭-೧೬೩೭) ಪದ್ಮಣಪಂಡಿತನ 'ಹಯಸಾರಸಮುಚ್ಚಯ'ವು ರಚಿತವಾಯಿತು. ಇವುಗಳ ಹಿಂದೆ ಶಾಲಿಹೋತ್ರ, ನಕುಲ, ಜಯದತ್ತರ ಹೆಸರಿನಲ್ಲಿ ಹರಿದು ಬಂದ ಸಂಸ್ಕೃತ ಪರಂಪರೆಯಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದ ವಿನೋದಭಾಗದಲ್ಲಿ ವಾಜಿವಾಹ್ಯಾಲಿಗೇ, ಎಂದರೆ ಕುದುರೆಯೇರಿ ಬಯಲಿನಲ್ಲಿ ಆಡುವ ವಿನೋದಕ್ಕೇ, ಒಂದು ಪ್ರಕರಣವು ಮೀಸಲಾಗಿದೆ. ಕನ್ನಡದ ವೈಹಾಳಿ ಎಂಬ ಶಬ್ದವು ಈ ವಾಹ್ಯಾಲಿಯ ತದ್ಭವವೆಂಬುದು ವಿದಿತವೇ ಇದೆ.

ಅಶ್ವಶಾಸ್ತ್ರವೆಂಬ ಹೆಸರನ್ನು ಹೊರದ ಗ್ರಂಥಗಳಲ್ಲಿಯೂ ಸಾಮಗ್ರಿಯು ಹೇರಳವಾಗಿದೆ. ಸೋಮದೇವಸೂರಿಯು 'ನೀತಿವಾಕ್ಯಾಮೃತ'ದ ಬಲಸಮುದ್ದೇಶದಲ್ಲಿ ಜಾತ್ಯಶ್ವಗಳ ಒಂಬತ್ತು ಉತ್ಪತ್ತಿಸ್ಥಾನಗಳನ್ನು ಎಣಿಸಿದ್ದಾನೆ. ಗಾಜಿಗಾಣ, ಕೇಕಾಣ, ಸಿಂಧುಪಾರ ಮೊದಲಾದ ಹೆಸರುಗಳು ಅಲ್ಲಿ ಬರುತ್ತವೆ. ಅವನ 'ಯಶಸ್ತಿಲಕ'ದಲ್ಲಿಯೂ (ಶಕ ೮೮೧, ಕ್ರಿ.ಶ. ೯೫೯) ಆನೆ ಕುದುರೆಗಳ ಲಕ್ಷಣವಿಚಾರವಿದೆ. ಉದ್ದ್ಯೋತನಸೂರಿಯ ಪ್ರಾಕೃತ 'ಕುವಲಯಮಾಲೆ'ಯು (ಕ್ರಿ.ಶ. ೭೭೯) ಹದಿನೆಂಟು ಬಗೆಯ ಕುದುರೆಗಳನ್ನು ಹೆಸರಿಸುತ್ತದೆ. ಹೇಮಚಂದ್ರಾಚಾರ್ಯನು 'ಅಭಿಧಾನಚಿಂತಾಮಣಿ'ಯಲ್ಲಿ ಸೇರಾಹ, ವೋಲ್ಲಾಹ, ಕುಲಾಹ, ಉಕನಾಹ ಎಂಬಂಥ ವರ್ಣನಾಮಗಳನ್ನು ಸಂಗ್ರಹಿಸಿದ್ದಾನೆ. ಇವು ಸಂಸ್ಕೃತದ ಹುಟ್ಟುಶಬ್ದಗಳಲ್ಲ. ಕುದುರೆಗಳೊಡನೆ ವ್ಯಾಪಾರಿಗಳ ಬಾಯಲ್ಲಿ ಬಂದಿಳಿದವು. ಸಂತೆಯಲ್ಲಿ ಸಲ್ಲುತ್ತಿದ್ದ ಮಾತನ್ನು ಆಚಾರ್ಯನು ಕೋಶದಿಂದ ಹೊರಗಿಡಲಿಲ್ಲವೆಂಬುದು ಗಮನಾರ್ಹ.

ಈ ವ್ಯಾಪಾರವು ನಮ್ಮ ನಾಡಿಗೆ ದೂರದ್ದಾಗಿರಲಿಲ್ಲ. ರಾಮದುರ್ಗವನ್ನು ದಾಟಿದ ಮಲಪ್ರಭೆಯು ಮುಂದೆ ಹರಿಯುವುದು ಐಹೊಳೆಯ ಬಳಿಯಲ್ಲಿ. ಅಲ್ಲಿಯ ಐನೂರ್ವರು ವ್ಯಾಪಾರ ಮಾಡುತ್ತಿದ್ದ ಸರಕುಗಳಲ್ಲಿ ಆನೆ, ಜಾತಿಗುದುರೆ, ರತ್ನ, ಸುಗಂಧದ್ರವ್ಯಗಳನ್ನು ಶಿಕಾರಿಪುರ ಭಾಗದ ಹನ್ನೊಂದನೆಯ ಶತಮಾನದ ಶಾಸನವೊಂದು ಎಣಿಸುತ್ತದೆ. ಸವದತ್ತಿಯನ್ನು, ಎಂದರೆ ಶಾಸನಗಳ ಸುಗಂಧವರ್ತಿಯನ್ನು, ರಾಜಧಾನಿಯಾಗಿ ಮಾಡಿಕೊಂಡಿದ್ದ ರಟ್ಟರು ಜಿನಧರ್ಮದ ಆಶ್ರಯದಾತರು. ೯೮೦ರಲ್ಲಿ ಶಾಂತಿವರ್ಮನು ಅಲ್ಲಿ ಬಸದಿಯನ್ನು ಕಟ್ಟಿಸಿ ನೂರೈವತ್ತು ಮತ್ತರು ಭೂಮಿಯನ್ನು ಬಿಟ್ಟನು. ೧೨೨೮ರ ಸವದತ್ತಿಯ ಶಾಸನವು ರಟ್ಟರ ರಾಜಗುರು ಮುನಿಚಂದ್ರದೇವನನ್ನು ಶಾಸ್ತ್ರದಲ್ಲಿಯೂ ಶಸ್ತ್ರದಲ್ಲಿಯೂ ಸಮರ್ಥನೆಂದು ಹೊಗಳುತ್ತದೆ. ಜ್ಞಾನಿಯಾದವನು ಲೌಕಿಕ ವಿದ್ಯೆಗಳಿಂದ ಮುಖ ತಿರುಗಿಸಬೇಕೆಂಬ ಭಾವನೆಯು ಆ ಕಾಲದ ನಮ್ಮವರಲ್ಲಿ ಇರಲಿಲ್ಲವೆಂಬುದಕ್ಕೆ ಇದೊಂದು ಸಾಕ್ಷಿ.

೩

ಇನ್ನು ಸಜ್ಜಿನ ಶಬ್ದಗಳನ್ನು ನೋಡೋಣ. ಇವುಗಳ ಪದರುಗಳನ್ನು ಬಿಡಿಸಿದರೆ ನಮ್ಮ ನಾಡಿನ ಅಶ್ವಸಂಸ್ಕೃತಿಯ ಇತಿಹಾಸವೇ ತೆರೆದುಕೊಳ್ಳುತ್ತದೆ.

ಪಲ್ಲಣವು ಕುದುರೆಯ ಬೆನ್ನಿನ ತಡಿ. ಸಂಸ್ಕೃತದ ಪರ್ಯಾಣವು ಪ್ರಾಕೃತದಲ್ಲಿ ಪಲ್ಲಾಣವಾಗಿ, ಹಳಗನ್ನಡದಲ್ಲಿ ಪಲ್ಲಣವಾಗಿ, ನಡುಗನ್ನಡದಲ್ಲಿ ಪಕಾರವು ಹಕಾರಕ್ಕೆ ತಿರುಗಿದ ಬಳಿಕ ಹಲ್ಲಣವಾಯಿತು. ವಾಘೆಯು ಸಂಸ್ಕೃತದ ವಲ್ಗಾ, ಪ್ರಾಕೃತದ ವಗ್ಗಾ ಶಬ್ದದಿಂದ ಬಂದುದು. ಸವಾರನ ಕೈಯಲ್ಲಿರುವ ಹಗ್ಗ ಅಥವಾ ತೊಗಲಿನ ಪಟ್ಟಿ. ಬಾಯಲ್ಲಿರುವ ಕಬ್ಬಿಣವು ಕಡಿವಾಣ. ಸಂಸ್ಕೃತದಲ್ಲಿ ಇದಕ್ಕೆ ಕವಿಕಾ, ಖಲೀನ ಎಂಬ ಹೆಸರುಗಳಿದ್ದು, ಖಲೀನವು ಗ್ರೀಕ್ ಭಾಷೆಯಿಂದ ಬಂದುದೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಚಮ್ಮಟಿಗೆಯು ಚರ್ಮಪಟ್ಟಿಕೆಯ ತದ್ಭವ, ಚಾವಟಿ. ಅಂಕವಣೆಯು ಸವಾರನು ಪಾದವನ್ನು ಊರುವ ಬಳೆ. ಹೊಯ್ಸಳ ದೇವಾಲಯಗಳ ಕುದುರೆಸಾಲಿನ ರಾವುತರ ಕಾಲುಗಳಲ್ಲಿ ಇದನ್ನು ಕಾಣಬಹುದು. ರಾವುತನು ರಾಜಪುತ್ರನಿಂದ, ಶಾಸನಗಳಲ್ಲಿ ಮೇಲಿಂದ ಮೇಲೆ ಬರುವ ಸಾಹಣಿಯು ಸಾಧನಿಕನಿಂದ ಬಂದ ಶಬ್ದಗಳು. ಸಾಹಣಿಯೆಂದರೆ ಲಾಯದ ಅಧಿಕಾರಿ. ಇವೆಲ್ಲದರ ಮೇಲೆ ಮುಸಲ್ಮಾನ ಅರಸರ ಕಾಲದಲ್ಲಿ ಪಾರಸಿಯ ಪದರು ಬಂದು ಕೂತಿತು: ಪಲ್ಲಣವು ಜೀನಾಯಿತು, ವಾಘೆ ಕಡಿವಾಣಗಳು ಕೂಡಿ ಲಗಾಮಾದವು, ಅಂಕವಣೆಯು ರಿಕಾಬಾಯಿತು.

ಇಲ್ಲಿ ಸಂಪಾದಕರು ಎಚ್ಚರ ವಹಿಸಬೇಕಾದ ಒಂದು ಅಂಶವಿದೆ. ವಾಘೆ, ಕಡಿವಾಣ, ಲಗಾಮು ಮೂರನ್ನೂ ಪರ್ಯಾಯಪದಗಳೆಂದು ಟಿಪ್ಪಣಿಯಲ್ಲಿ ಬರೆಯುವುದು ರೂಢಿಯಾಗಿದೆ. ಸವಾರನ ದೃಷ್ಟಿಯಿಂದ ಇದು ಸರಿಯಲ್ಲ. ಕಡಿವಾಣವು ಕುದುರೆಯ ಮುಂಹಲ್ಲುಗಳಿಗೂ ದವಡೆಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಒಸಡಿನ ಎಡೆಯಲ್ಲಿ, ನಾಲಗೆಯ ಮೇಲೆ ನಿಲ್ಲುತ್ತದೆ. ವಾಘೆಯು ಕೈಯ ಇಂಗಿತವನ್ನು ಅಲ್ಲಿಗೆ ಮುಟ್ಟಿಸುತ್ತದೆ. ವಾಘೆಯನ್ನು ಸಡಲಿಸಿದನೆಂದು ಕವಿಯು ಹೇಳಿದಾಗ ಕುದುರೆಗೆ ಓಟದ ಅನುಮತಿ ದೊರೆಯಿತೆಂದು ಅರ್ಥ. ಕಡಿವಾಣವನ್ನು ಕಳಚಿದನೆಂದರೆ ಪ್ರಯಾಣವು ಮುಗಿಯಿತೆಂದು ಅರ್ಥ. ಎರಡನ್ನೂ ಒಂದೇ ಎಂದುಕೊಂಡರೆ ಪದ್ಯದ ಸನ್ನಿವೇಶವೇ ತಲೆಕೆಳಗಾಗುತ್ತದೆ. ಓಲೆಗರಿಗಳಲ್ಲಿ ಪಕಾರ ವಕಾರಗಳಿಗೆ ಉಂಟಾಗುವ ಭ್ರಾಂತಿಯು ನಮಗೆಲ್ಲ ಪರಿಚಿತವಾದುದೇ. ಪಲ್ಲಣವೆಂಬ ವಸ್ತುವನ್ನರಿಯದ ಲಿಪಿಕಾರನು ಅದನ್ನು ತಾನರಿತ ಪಲ್ಲವವನ್ನಾಗಿ ಮಾಡಿಬಿಡುವ ಅಪಾಯವೂ ಇಲ್ಲದಿಲ್ಲ.

೪

ಅಶ್ವಶಿಕ್ಷೆಯ ಕ್ರಮವನ್ನು ಅರಿಯಲು ಮೊದಲು ಗತಿಗಳನ್ನು ಅರಿಯಬೇಕು. ಅಮರಸಿಂಹನು ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತವೆಂದು ಐದು ಧಾರೆಗಳನ್ನು ಹೇಳಿದ್ದಾನೆ. ಹೇಮಚಂದ್ರನ ಎಣಿಕೆಯೂ ಐದೇ. ಆದರೆ ರೇಚಿತಕ್ಕೆ ಉತ್ತೇಜಿತವೆಂದೂ ಆಸ್ಕಂದಿತಕ್ಕೆ ಉತ್ತೇರಿತವೆಂದೂ ಬೇರೆ ಹೆಸರುಗಳನ್ನು ಕೊಟ್ಟು ಪ್ರತಿಯೊಂದನ್ನೂ ವಿವರಿಸಿದ್ದಾನೆ. ಧೌರಿತಕವನ್ನು ಮುಂಗುಸಿ, ನವಿಲು, ಹಂದಿ ಮೊದಲಾದವುಗಳ ನಡೆಗೆ ಹೋಲಿಸುತ್ತಾನೆ. ಮೈಯ ಮುಂಭಾಗವನ್ನು ಎತ್ತಿ, ಮುಖವನ್ನು ಒಳಕ್ಕೆ ಸೆಳೆದು ನೆಗೆಯುವುದು ವಲ್ಗಿತ. ಹಕ್ಕಿಯಂತೆಯೂ ಜಿಂಕೆಯಂತೆಯೂ ಹಾರುವುದು ಪ್ಲುತ. ಮಧ್ಯಮ ವೇಗದ್ದು ಉತ್ತೇಜಿತ. ಕೋಪಗೊಂಡಂತೆ ನಾಲ್ಕು ಕಾಲುಗಳಿಂದಲೂ ಎಗರುವುದು ಉತ್ತೇರಿತ. ನಿತ್ಯವೂ ಊರಿಂದೂರಿಗೆ ಹೋಗುವ ಸವಾರನಿಗೆ ಬೇಕಾದುದು ಇವುಗಳಲ್ಲಿ ಮೊದಲನೆಯದು. ಉಳಿದವು ಬಯಲಿನ ವಿನೋದಕ್ಕೂ ಕಾಳಗಕ್ಕೂ ಸಂಬಂಧಿಸಿದವು.

ಮೈಸೂರಿನ ಪ್ರಾಚ್ಯಕೋಶಾಗಾರದ ಹಸ್ತಪ್ರತಿಯಿಂದ ಆರ್. ಶಾಮಾಶಾಸ್ತ್ರಿಗಳು ೧೯೦೯ರಲ್ಲಿ ಬೆಳಕಿಗೆ ತಂದ ಕೌಟಿಲ್ಯನ 'ಅರ್ಥಶಾಸ್ತ್ರ'ದ ಅಶ್ವಾಧ್ಯಕ್ಷ ಪ್ರಕರಣವು ಈ ವಿಷಯದಲ್ಲಿ ಬಹು ಉಪಯುಕ್ತವಾಗಿದೆ. ಅಲ್ಲಿ ಕುದುರೆಗಳನ್ನು ತೀಕ್ಷ್ಣ, ಭದ್ರ, ಮಂದವೆಂದು ಸ್ವಭಾವಾನುಸಾರ ವಿಂಗಡಿಸಿ, ಆಯಾ ಸ್ವಭಾವಕ್ಕೆ ಒಪ್ಪುವಂತೆ ಯುದ್ಧದ ಕೆಲಸಕ್ಕೋ ಸವಾರಿಯ ಕೆಲಸಕ್ಕೋ ತೊಡಗಿಸಬೇಕೆಂದು ವಿಧಿಸಿದೆ. ಸವಾರಿಯ ಕುದುರೆಯ ನಡೆಗಳಲ್ಲಿ ನಾರೋಷ್ಟ್ರವೆಂಬುದು ಸಂಜ್ಞೆಗೆ ಪ್ರತಿಯಾಗಿ ನಡೆಯುವುದು. ಪೆಟ್ಟಿಲ್ಲದೆ, ಸನ್ನೆಯಿಂದಲೇ ನಡೆಯುವ ಕುದುರೆಯೇ ಶಿಕ್ಷಿತವಾದುದೆಂಬ ಆಶಯವು ಇಲ್ಲಿದೆ. ದಾರಿಯ ಮಿತಿಯನ್ನೂ ಆ ಪ್ರಕರಣವು ಹೇಳುತ್ತದೆ: ಬೆನ್ನಮೇಲೆ ಹೊರುವ ಕುದುರೆಗಳಿಗೆ ಅಧಮ, ಮಧ್ಯಮ, ಉತ್ತಮಕ್ರಮದಲ್ಲಿ ಐದು, ಏಳೂವರೆ, ಹತ್ತು ಯೋಜನಗಳು, ರಥದ ಕುದುರೆಗಳಿಗೆ ಆರು, ಒಂಬತ್ತು, ಹನ್ನೆರಡು. ಎಳೆಯುವುದಕ್ಕಿಂತ ಹೊರುವುದು ಹೆಚ್ಚು ದಣಿವಿನ ಕೆಲಸವೆಂಬ ಅನುಭವವು ಈ ಅಂಕಿಗಳ ಹಿಂದಿದೆ.

ದಂಡನೆಯ ವಿಷಯದಲ್ಲಿ ಅಶ್ವಶಾಸ್ತ್ರಕಾರರು ಏಕಮತದವರು. ತಪ್ಪಿಗೆ ತಕ್ಕ ಎಡೆಯಲ್ಲಿ, ತಪ್ಪು ನಡೆದ ಗಳಿಗೆಯಲ್ಲಿಯೇ ಎಚ್ಚರಿಸಬೇಕು. ಎಡೆ ತಪ್ಪಿ, ಹೊತ್ತು ತಪ್ಪಿ ಹೊಡೆದರೆ ಇದ್ದ ದೋಷವು ಹೋಗದು, ಇಲ್ಲದ ದೋಷವು ಹುಟ್ಟುತ್ತದೆ. ಕುದುರೆಯು ಹಿಂದಿನದನ್ನು ಮುಂದಿನದರೊಡನೆ ಜೋಡಿಸಿ ತರ್ಕಿಸಲಾರದು. ಹೊಡೆತವು ಬಿದ್ದ ಕ್ಷಣದಲ್ಲಿ ತಾನೇನು ಮಾಡುತ್ತಿತ್ತೋ ಅದಕ್ಕೇ ಹೊಡೆತವೆಂದು ತಿಳಿಯುತ್ತದೆ. ಓಡಿಹೋದ ಕುದುರೆಯು ತಾನಾಗಿ ಹಿಂದಿರುಗಿ ಬಂದಾಗ ಅದನ್ನು ಹೊಡೆದವನು ಬರಬಾರದೆಂಬ ಪಾಠವನ್ನು ಕಲಿಸಿದಂತಾಯಿತು.

೫

ಈ ತತ್ತ್ವಕ್ಕೆ ಕಥೆಯ ರೂಪವನ್ನು ಕೊಟ್ಟವರು ಜೈನ ಕವಿಗಳು. ಜಟಾಸಿಂಹನಂದಿಯ 'ವರಾಂಗಚರಿತ'ವನ್ನು ಇಲ್ಲಿ ಮೊದಲು ಹೆಸರಿಸಬೇಕು. ಈ ಆಚಾರ್ಯನ ಪಾದಗಳನ್ನು ಚಾವಯ್ಯನೆಂಬವನು ಮಾಡಿಸಿದನೆಂದು ಹೇಳುವ ಕನ್ನಡ ಶಾಸನವು ಕೊಪ್ಪಳದ ಬೆಟ್ಟದ ಮೇಲಿದೆ. ಕಾವ್ಯವನ್ನು ಕನ್ನಡ ಲಿಪಿಯ ತಾಳೆಗರಿ ಪ್ರತಿಗಳ ನೆರವಿನಿಂದ ಸಂಪಾದಿಸಿ ೧೯೩೮ರಲ್ಲಿ ಪ್ರಕಟಿಸಿದವರು ಬೆಳಗಾವಿ ಜಿಲ್ಲೆಯ ಸದಲಗೆಯವರಾದ ಡಾ. ಆ. ನೇ. ಉಪಾಧ್ಯೆಯವರು. ಮುಂದೆ 'ಕುವಲಯಮಾಲೆ'ಯನ್ನು ಸಂಪಾದಿಸಿದವರೂ ಅವರೇ. ವರಾಂಗನ ಕಥೆಯನ್ನು ಹದಿನೇಳನೆಯ ಶತಮಾನದಲ್ಲಿ ಧರಣಿಪಂಡಿತನು ಕನ್ನಡಕ್ಕೆ ತಂದನು.

ಉತ್ತಮಪುರದ ಧರ್ಮಸೇನನ ಮಗನಾದ ವರಾಂಗನಿಗೆ ಯುವರಾಜಪದವಿಯು ದೊರೆತುದನ್ನು ಸಹಿಸದ ಮಲತಾಯಿ ಮೃಗಸೇನೆಯೂ ಅವಳ ಮಗ ಸುಷೇಣನೂ ಮಂತ್ರಿ ಸುಬುದ್ಧಿಯನ್ನು ಒಲಿಸಿಕೊಳ್ಳುತ್ತಾರೆ. ಕಾಣಿಕೆಯಾಗಿ ಬಂದ ಎರಡು ಕುದುರೆಗಳನ್ನು ಪಳಗಿಸುವ ಕೆಲಸವು ಮಂತ್ರಿಯ ಕೈಗೆ ಬರುತ್ತದೆ. ಅವನು ಒಂದಕ್ಕೆ ಕ್ರಮಬದ್ಧವಾದ ಶಿಕ್ಷೆಯನ್ನೂ ಇನ್ನೊಂದಕ್ಕೆ ವಿಪರೀತಶಿಕ್ಷೆಯನ್ನೂ ಕೊಡುತ್ತಾನೆ. ಮೊದಲನೆಯದರ ನಡೆಯನ್ನು ಕಂಡು ಮೆಚ್ಚಿದ ವರಾಂಗನು ಎರಡನೆಯದನ್ನು ಏರುತ್ತಾನೆ. ತಡೆಯಲೆಂದು ಸೆಳೆದಷ್ಟೂ ಅದು ವೇಗವನ್ನು ಹೆಚ್ಚಿಸಿಕೊಳ್ಳುತ್ತ ಊರುಕೇರಿಗಳನ್ನು ದಾಟಿ, ಅಡವಿಯ ಹಾಳುಬಾವಿಯೊಂದಕ್ಕೆ ಬೀಳುತ್ತದೆ. ವರಾಂಗನು ಬಳ್ಳಿಯನ್ನು ಹಿಡಿದು ಬದುಕುತ್ತಾನೆ, ಕುದುರೆಯು ಸಾಯುತ್ತದೆ.

ಈ ಪ್ರಸಂಗವನ್ನು ಕರ್ಮವಿಪಾಕದ ನಿದರ್ಶನವಾಗಿ ಓದುವುದು ವಾಡಿಕೆ. ಅದು ಯುಕ್ತವೂ ಹೌದು. ಆದರೆ ಅಶ್ವಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಕವಿಯ ಅರಿವು ಎಷ್ಟು ನಿಖರವಾದುದೆಂಬುದು ಗೋಚರಿಸುತ್ತದೆ. ಮಂತ್ರಿಯು ಕುದುರೆಗೆ ಮದ್ದು ಹಾಕಲಿಲ್ಲ, ಪಲ್ಲಣದ ಪಟ್ಟಿಯನ್ನು ಕತ್ತರಿಸಲಿಲ್ಲ, ದುಷ್ಟಜಾತಿಯ ಕುದುರೆಯನ್ನು ಹುಡುಕಲೂ ಇಲ್ಲ. ಎರಡೂ ಉತ್ತಮಜಾತಿಯವೇ. ಎಳೆತಕ್ಕೆ ನಿಲ್ಲಬೇಕಾದ ಪ್ರಾಣಿಗೆ ಎಳೆತವೆಂದರೆ ಓಟವೆಂದು ಕಲಿಸಿದನು, ಅಷ್ಟೆ. ಕಲಿತುದನ್ನು ತಪ್ಪದೆ ಮಾಡಿದ ಕುದುರೆಯು ಸವಾರನ ಕಣ್ಣಿಗೆ ದುಷ್ಟವಾಗಿ ಕಂಡಿತು. ಕುದುರೆಯ ಬಾಯಿಯ ಮೇಲೆ ಬಿಡುವಿಲ್ಲದೆ ನೋವು ಬಿದ್ದರೆ ಅದು ನೋವಿನಿಂದ ತಪ್ಪಿಸಿಕೊಳ್ಳಲು ಮುಂದಕ್ಕೆ ಓಡುತ್ತದೆಂಬುದು ಇಂದಿಗೂ ಸವಾರರು ಬಲ್ಲ ಸಂಗತಿ. ಎಳೆದು ಎಳೆದು ಬಾಯನ್ನು ಕೆಡಿಸಿದ ಕುದುರೆಗಳು ಎಲ್ಲ ಲಾಯಗಳಲ್ಲಿಯೂ ಇರುತ್ತವೆ. ಅಂತಹವನ್ನು ಮಾಡಲು ಸುಬುದ್ಧಿಯಂತಹ ಕುಟಿಲಬುದ್ಧಿಯೂ ಬೇಕಾಗಿಲ್ಲ, ಅಜ್ಞಾನವೇ ಸಾಕು.

ಇದಕ್ಕೆ ಪ್ರತಿಯಾಗಿ ಹೇಮಚಂದ್ರನ 'ಪರಿಶಿಷ್ಟಪರ್ವ'ದಲ್ಲಿ ಶ್ರಾವಕ ಜಿನದಾಸನ ಕುದುರೆಯ ಕಥೆಯಿದೆ. ಅರಸನು ತನ್ನ ಜಾತ್ಯಶ್ವದ ಮರಿಯನ್ನು ಜಿನದಾಸನ ವಶಕ್ಕೆ ಒಪ್ಪಿಸಿದ್ದನು. ಜಿನದಾಸನು ಪ್ರತಿದಿನವೂ ತಾನೇ ಏರಿ ಅದನ್ನು ಸರೋವರಕ್ಕೆ ಒಯ್ದು ನೀರು ಕುಡಿಸಿ, ದಾರಿಯಲ್ಲಿ ಜಿನಾಲಯವನ್ನು ಪ್ರದಕ್ಷಿಣೆ ಮಾಡಿಸಿ, ಮನೆಗೆ ತರುತ್ತಿದ್ದನು. ಶತ್ರುರಾಜನ ಮಂತ್ರಿಯೊಬ್ಬನು ಕಪಟಶ್ರಾವಕನಾಗಿ ಅವನ ಮನೆಯನ್ನು ಸೇರಿ, ಜಿನದಾಸನಿಲ್ಲದ ರಾತ್ರಿ ಕುದುರೆಯನ್ನು ಏರಿ ಓಡಿಸಲೆತ್ನಿಸಿದನು. ಕುದುರೆಯು ಸರೋವರಕ್ಕೆ ಹೋ‌ಯಿತು, ಜಿನಾಲಯವನ್ನು ಸುತ್ತಿತು, ಮನೆಗೆ ಬಂದಿತು. ಬೆಳಗಾಗುವವರೆಗೂ ಬೇರೆ ದಾರಿಯನ್ನು ಹಿಡಿಯಲಿಲ್ಲ. ನಿತ್ಯಾಭ್ಯಾಸದ ಬಲವನ್ನು ಹೇಳಲು ಇದಕ್ಕಿಂತ ಸರಳವಾದ ದೃಷ್ಟಾಂತವು ದೊರೆಯದು. ವರಾಂಗನ ಕುದುರೆಯೂ ಜಿನದಾಸನ ಕುದುರೆಯೂ ಒಂದೇ ನಿಯಮಕ್ಕೆ ಒಳಪಟ್ಟವು: ತಮಗೆ ಕಲಿಸಿದ್ದನ್ನು ಮಾಡಿದವು. ಭೇದವಿದ್ದುದು ಕಲಿಸಿದವರಲ್ಲಿ.

ಆಗಮಸಾಹಿತ್ಯದಲ್ಲಿ ಪಳಗಿಸುವಿಕೆಯ ಕಠೋರಮುಖವೂ ಚಿತ್ರಿತವಾಗಿದೆ. ಶ್ವೇತಾಂಬರ ಆಗಮವಾದ 'ಜ್ಞಾತಾಧರ್ಮಕಥಾ'ದ ಹದಿನೇಳನೆಯ ಅಧ್ಯಯನದಲ್ಲಿ ಕಾಲಿಯದ್ವೀಪದ ಕಾಡುಕುದುರೆಗಳನ್ನು ವರ್ತಕರು ವೀಣಾನಾದ, ಬಣ್ಣ, ಸುಗಂಧ, ಸಕ್ಕರೆ, ಮೃದುವಸ್ತ್ರಗಳಿಂದ ಸೆಳೆದು ಹಿಡಿಯುತ್ತಾರೆ. ಆಮಿಷಗಳಿಗೆ ಒಲಿಯದ ಕುದುರೆಗಳು ದೂರ ಸರಿದು ಸ್ವತಂತ್ರವಾಗಿ ಉಳಿಯುತ್ತವೆ. ಸೆರೆಸಿಕ್ಕವುಗಳನ್ನು ಪಳಗಿಸುವವರು ಬಳಸುವ ಮುಖದ ಕಟ್ಟು, ಕಿವಿಯ ಕಟ್ಟು, ಮೂಗಿನ ಕಟ್ಟು, ಗೊರಸಿನ ಕಟ್ಟು, ಖಲಿನ, ಬೆತ್ತ, ಚಾವಟಿ ಮೊದಲಾದವುಗಳ ಪಟ್ಟಿಯೇ ಅಲ್ಲಿದೆ. ಇಂದ್ರಿಯಪರವಶತೆಯ ಫಲವನ್ನು ಹೇಳುವುದೇ ಕಥೆಯ ಉದ್ದೇಶವಾದರೂ, ಸಜ್ಜಿನ ಇತಿಹಾಸವನ್ನು ಬರೆಯುವವರಿಗೆ ಈ ಪಟ್ಟಿಯು ಅಮೂಲ್ಯವಾದ ಆಧಾರ. ಕುದುರೆಯ ಕಡೆಯಿಂದ ನೋಡಿದರೆ ಸಜ್ಜೆಲ್ಲವೂ ಬಂಧನವೇ ಎಂಬ ಅರಿವನ್ನು ಆಗಮಕಾರರು ಮರೆಮಾಡಲಿಲ್ಲ.

೬

ಹಾಗಾದರೆ ಗೃಹಸ್ಥನಾದ ಶ್ರಾವಕನು ಕುದುರೆಯನ್ನು ಏರಬಹುದೆ? ಏರುವುದಾದರೆ ಹೇಗೆ ಏರಬೇಕು? ಈ ಪ್ರಶ್ನೆಗೆ ಉತ್ತರವನ್ನು ಅಶ್ವಶಾಸ್ತ್ರಗಳಲ್ಲಿ ಹುಡುಕುವ ನಾವು ಶ್ರಾವಕಾಚಾರಗಳನ್ನು ಮರೆಯುತ್ತೇವೆ.

'ತತ್ತ್ವಾರ್ಥಸೂತ್ರ'ದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಪೂಜ್ಯಪಾದಾಚಾರ್ಯನು 'ಸರ್ವಾರ್ಥಸಿದ್ಧಿ'ಯಲ್ಲಿ ಇಲ್ಲಿಯ ವಧವೆಂದರೆ ಕೊಲ್ಲುವುದಲ್ಲ, ದಂಡ, ಕಶೆ, ಬೆತ್ತಗಳಿಂದ ಹೊಡೆಯುವುದೆಂದು ಸ್ಪಷ್ಟಪಡಿಸಿದ್ದಾನೆ. ಕೊಲ್ಲುವುದನ್ನು ವ್ರತಿಯು ಮೊದಲೇ ಬಿಟ್ಟಿರುತ್ತಾನೆ. ಕಶೆಯೆಂದರೆ ನಮ್ಮ ಚಮ್ಮಟಿಗೆಯೇ. ಅತಿಭಾರವೆಂದರೆ ನ್ಯಾಯವಾದುದಕ್ಕಿಂತ ಹೆಚ್ಚಿನ ಹೊರೆ. ಅನ್ನಪಾನನಿರೋಧವೆಂದರೆ ಹಸು ಮೊದಲಾದವುಗಳಿಗೆ ಹಸಿವು ನೀರಡಿಕೆಗಳ ಬಾಧೆಯನ್ನುಂಟುಮಾಡುವುದು. ಸಮಂತಭದ್ರಾಚಾರ್ಯನು 'ರತ್ನಕರಂಡಕ'ದಲ್ಲಿ ಪರಿಗ್ರಹಪರಿಮಾಣವ್ರತದ ಅತಿಚಾರಗಳನ್ನು ಹೇಳುವಾಗ ಅತಿವಾಹನ, ಅತಿಭಾರವಹನಗಳನ್ನೂ ಸೇರಿಸಿದ್ದಾನೆ. ಅತಿವಾಹನವೆಂದರೆ ಪಶುವು ಸುಖವಾಗಿ ನಡೆಯಬಲ್ಲ ದೂರವನ್ನು ಮೀರಿ ಲೋಭದಿಂದ ನಡೆಸುವುದು. ಕೌಟಿಲ್ಯನು ಯೋಜನಗಳಲ್ಲಿ ಹೇಳಿದ ಮಿತಿಯನ್ನು ಇಲ್ಲಿ ಆಚಾರ್ಯನು ವ್ರತದ ಮಾತಿನಲ್ಲಿ ಹೇಳಿದಂತಿದೆ. ಇದನ್ನು ಹಿಂಸೆಯ ಅಡಿಯಲ್ಲಿ ಮಾತ್ರವಲ್ಲದೆ ಪರಿಗ್ರಹದ ಅಡಿಯಲ್ಲಿಯೂ ಇಟ್ಟಿರುವುದು ವಿಚಾರಾರ್ಹ. ಪಶುವನ್ನು ಮಿತಿಮೀರಿ ನಡೆಸುವವನು ಬಹುಶಃ ಕ್ರೂರಿಯಾಗಿರಲಾರನು. ಒಂದು ದಿನದ ಗಳಿಕೆಯನ್ನು ಹೆಚ್ಚಿಸಿಕೊಳ್ಳಬಯಸಿದ ವ್ಯಾಪಾರಿಯಾಗಿರುತ್ತಾನೆ.

ಈ ಅತಿಚಾರಗಳನ್ನು ಲಾಯದ ಬಾಗಿಲಿನಲ್ಲಿ ನಿಂತು ಓದಿದರೆ ಪ್ರತಿಯೊಂದಕ್ಕೂ ನಿತ್ಯದ ಅರ್ಥವು ಹೊಳೆಯುತ್ತದೆ. ಮುಂಗಾಲು ಹಿಂಗಾಲುಗಳ ಹಗ್ಗವನ್ನು ಮಲಗಲಾಗದಷ್ಟು ಗಿಡ್ಡವಾಗಿ ಕಟ್ಟುವುದು ಬಂಧ. ಪಲ್ಲಣದ ಕೆಳಗಿನ ಬಟ್ಟೆಯು ಮಡಿಕೆಬಿದ್ದು ಬೆನ್ನು ಹುಣ್ಣಾಗುವುದು, ಮುಳ್ಳಿನ ಕಡಿವಾಣದಿಂದ ಬಾಯಿ ಹರಿಯುವುದು ಛೇದಕ್ಕೆ ಸಮೀಪವಾದವು. ಬೆನ್ನೆಲುಬಿನ ಮೇಲೆಯೇ ಭಾರವು ಬೀಳದಂತೆ, ಎರಡು ಪಕ್ಕಗಳ ಮಾಂಸಲಭಾಗದ ಮೇಲೆ ಹಂಚಿಹೋಗುವಂತೆ ಪಲ್ಲಣವನ್ನು ಕೂಡಿಸದಿದ್ದರೆ ಹಗುರಾದ ಸವಾರನೂ ಅತಿಭಾರನಾಗುತ್ತಾನೆ. ಕುದುರೆಯ ಹೊಟ್ಟೆಯು ಎತ್ತಿನ ಹೊಟ್ಟೆಯಂತಲ್ಲ. ಅದು ಮೆಲುಕು ಹಾಕುವುದಿಲ್ಲ, ಸ್ವಲ್ಪಸ್ವಲ್ಪವಾಗಿ ದಿನವೆಲ್ಲ ಮೇಯುತ್ತಿರಬೇಕು. ಬಹುಕಾಲ ಹಸಿದಿರಿಸಿ ಒಮ್ಮೆಲೇ ಹುರುಳಿಯನ್ನು ಹಾಕಿದರೆ ಹೊಟ್ಟೆಶೂಲೆಯಿಂದ ಸಾಯಬಹುದು. ಅನ್ನಪಾನನಿರೋಧವು ಕುದುರೆಯ ಮಟ್ಟಿಗೆ ನೋವು ಮಾತ್ರವಲ್ಲ, ಪ್ರಾಣಾಪಾಯ.

ಹೀಗೆ ನೋಡಿದಾಗ ಆ ವೃದ್ಧ ಟಾಂಗಾದವರ ಮಾತು ಬೇರೆಯೇ ಆಗಿ ಕೇಳಿಸುತ್ತದೆ. ನಾಲ್ಕು ಹೆಜ್ಜೆ ನಡೆಸಿ ಮತ್ತೆ ಬಿಗಿಯುವುದು ಸವಾರನ ಕ್ಷೇಮದ ಉಪಾಯ. ಜೀನು ಜಾರಿದ ತಪ್ಪನ್ನು ಕುದುರೆಯ ಮೇಲೆ ಹೊರಿಸಬಾರದೆಂಬುದು ಅದರೊಳಗಿನ ಧರ್ಮ. ಅವರು ಯಾವ ಸೂತ್ರವನ್ನೂ ಓದಿದವರಲ್ಲ.

೭

ಕೊನೆಯದಾಗಿ ಶ್ರವಣಬೆಳಗೊಳದ ಚಂದ್ರಗಿರಿಯ ಶಾಸನವೊಂದನ್ನು ಸ್ಮರಿಸಬೇಕು. ರಾಷ್ಟ್ರಕೂಟ ವಂಶದ ಕೊನೆಯ ಕುಡಿ ನಾಲ್ಕನೆಯ ಇಂದ್ರರಾಜನನ್ನು ಕುರಿತ ಶಾಸನವದು. ರಾಜ್ಯವನ್ನು ಅವನಿಗೆ ಮರಳಿ ದೊರಕಿಸಲು ಹೆಣಗಿದ ಗಂಗ ಮಾರಸಿಂಹನು ಬಂಕಾಪುರದಲ್ಲಿ ಅಜಿತಸೇನಾಚಾರ್ಯನ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟನು. ಇಂದ್ರರಾಜನೂ ಶಕ ೯೦೪ರಲ್ಲಿ, ಎಂದರೆ ಕ್ರಿ.ಶ. ೯೮೨ರಲ್ಲಿ, ಬೆಳಗೊಳದಲ್ಲಿ ಅದೇ ಮಾರ್ಗವನ್ನು ಹಿಡಿದನು. ಆಶ್ಚರ್ಯವೆಂದರೆ, ಮುಡಿಪಿದವನ ಸ್ಮಾರಕವಾದ ಈ ಶಾಸನದ ಕನ್ನಡ ಪದ್ಯಗಳಲ್ಲಿ ಬಹುಭಾಗವು ಕುದುರೆಯೇರಿ ಆಡುವ ಚೆಂಡಿನಾಟದಲ್ಲಿ ಅವನಿಗಿದ್ದ ನೈಪುಣ್ಯವನ್ನು ವರ್ಣಿಸುತ್ತದೆ. ಸುಕರ, ದುಷ್ಕರ, ವಿಷಮ, ವಿಷಮದುಷ್ಕರವೆಂಬ ಚಲನಭೇದಗಳನ್ನು ಪಾರಿಭಾಷಿಕವಾಗಿ ಹೆಸರಿಸಿದೆ. ಎಡಬಲಗಳಿಗೆ ತಿರುಗುವ ಕುದುರೆ, ಓಡುವ ಚೆಂಡು, ಅದನ್ನು ಹೊಡೆಯುವ ಕೋಲು ಮೂರನ್ನೂ ಒಂದು ಮಾಡುವ ಈ ಆಟದಲ್ಲಿ ವಾಘೆಗೆ ಒಂದೇ ಕೈ ಉಳಿಯುತ್ತದೆ. ಸಂಜ್ಞೆಯನ್ನರಿಯದ ಕುದುರೆಯಿಂದ ಇದು ಆಗದ ಕೆಲಸ.

ಸಲ್ಲೇಖನದ ಶಾಸನದಲ್ಲಿ ಚೆಂಡಿನಾಟದ ಹೊಗಳಿಕೆಯು ಅಪ್ರಸ್ತುತವೆಂದು ತೋರಬಹುದು. 'ಉತ್ತರಾಧ್ಯಯನ'ದ ಇಪ್ಪತ್ತಮೂರನೆಯ ಅಧ್ಯಯನದ ಕೇಶಿ ಗೌತಮ ಸಂವಾದವನ್ನು ನೆನೆದರೆ ಹಾಗೆನ್ನಿಸದು. ನೀನು ಏರಿರುವ ದುಷ್ಟಾಶ್ವವು ನಿನ್ನನ್ನು ಏಕೆ ಅಡ್ಡದಾರಿಗೆ ಒಯ್ಯುತ್ತಿಲ್ಲವೆಂದು ಕೇಶಿಯು ಕೇಳಿದಾಗ, ಆ ಕುದುರೆಯು ಮನಸ್ಸೆಂದೂ ಅದನ್ನು ತಾನು ಶ್ರುತವೆಂಬ ಹಗ್ಗದಿಂದ ಹಿಡಿದಿರುವೆನೆಂದೂ ಗೌತಮನು ಉತ್ತರಿಸುತ್ತಾನೆ. ಅದೇ ಗ್ರಂಥದ ವಿನಯಾಧ್ಯಯನವು ಶಿಷ್ಯನು ಮತ್ತೆ ಮತ್ತೆ ಚಾವಟಿಯನ್ನು ಬಯಸುವ ಮೊಂಡುಗುದುರೆಯಂತಾಗಬಾರದೆನ್ನುತ್ತದೆ. ಕುದುರೆಯನ್ನು ಬಲ್ಲವರಿಗೆ ಮಾತ್ರ ಈ ಉಪಮೆಗಳ ಬಿಗಿ ತಿಳಿಯುತ್ತದೆ. ಗೌತಮನು ಮನಸ್ಸನ್ನು ಕೊಂದೆನೆನ್ನಲಿಲ್ಲ, ಇಳಿದುಬಿಟ್ಟೆನೆಂದೂ ಅನ್ನಲಿಲ್ಲ. ಏರಿಯೇ ಇದ್ದಾನೆ, ಹಿಡಿದಿದ್ದಾನೆ.

೮

ನಮ್ಮ ಮಠ ಬಸದಿಗಳ ಭಂಡಾರಗಳಲ್ಲಿಯೂ ಮನೆಗಳ ಕಪಾಟುಗಳಲ್ಲಿಯೂ ಅಶ್ವವೈದ್ಯ, ಗೋವೈದ್ಯ, ಸುಳಿಶಾಸ್ತ್ರಗಳ ಓಲೆಗಳು ಧಾರ್ಮಿಕ ಗ್ರಂಥಗಳ ಕಟ್ಟುಗಳ ನಡುವೆ ಸೇರಿರುವುದುಂಟು. ಸೂಚಿಯನ್ನು ಸಿದ್ಧಪಡಿಸುವಾಗ ಇಂಥವನ್ನು 'ಇತರ', 'ಲೌಕಿಕ', 'ಅಪೂರ್ಣ'ವೆಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವ ಅಭ್ಯಾಸವು ನಮ್ಮಲ್ಲಿದೆ. ನಾನೂ ಹಾಗೆ ಮಾಡಿದವನೇ. ಇಂದು ಅದು ತಪ್ಪೆಂದು ತೋರುತ್ತದೆ. ಗೃಹಸ್ಥನ ಅಣುವ್ರತವು ನಡೆಯುವುದು ಲೌಕಿಕದಲ್ಲಿಯೇ. ಅವನ ಲಾಯ, ಗೋದಲಿ, ಗಾಡಿಗಳ ವಿಷಯವನ್ನು ಹೇಳುವ ಓಲೆಯು ಶ್ರಾವಕಾಚಾರದ ಓಲೆಗೆ ಹೊರಗಿನದಲ್ಲ.

ಆದುದರಿಂದ ಮೂರು ಕೆಲಸಗಳನ್ನು ವಿದ್ವಾಂಸರ ಮುಂದಿಡಲು ಬಯಸುತ್ತೇನೆ. ಮೊದಲನೆಯದಾಗಿ, ಇಂಥ ಓಲೆಗಳ ಆದ್ಯಂತ ಪದ್ಯಗಳನ್ನಾದರೂ ಸೂಚಿಗಳಲ್ಲಿ ಕೊಡಬೇಕು. ಎರಡನೆಯದಾಗಿ, ಪಂಪಾದಿ ಕಾವ್ಯಗಳು, ಶಾಸನಗಳು, ಅಶ್ವಶಾಸ್ತ್ರಗಳಿಂದ ಸಜ್ಜು ಮತ್ತು ಗತಿಗಳ ಶಬ್ದಗಳನ್ನು ಒಂದೆಡೆ ಸಂಗ್ರಹಿಸಿ, ವೀರಗಲ್ಲುಗಳ ಮೇಲಿನ ಕುದುರೆಗಳ ಚಿತ್ರಗಳೊಡನೆ ಹೋಲಿಸಿ ನೋಡಬೇಕು. ಶಬ್ದವು ಸಂದಿಗ್ಧವಾದಲ್ಲಿ ಕಲ್ಲು ಉತ್ತರ ಹೇಳೀತು. ಮೂರನೆಯದು ಎಲ್ಲಕ್ಕಿಂತ ಅವಸರದ್ದು. ಲಾಳ ಹೊಡೆಯುವವರು, ಜೀನು ಹೊಲಿಯುವವರು, ಕುದುರೆಯನ್ನು ಪಳಗಿಸಿದವರು ನಮ್ಮ ಊರುಗಳಲ್ಲಿ ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಓಲೆಯಾದರೆ ಎಣ್ಣೆ ಸವರಿ ಕಟ್ಟಿಟ್ಟರೆ ಇನ್ನೊಂದು ತಲೆಮಾರಿಗೆ ಕಾದೀತು. ಇವರ ಬಳಿಗೆ ಈ ವರ್ಷವೇ ಹೋಗಿ ಕೇಳಿ ಬರೆದುಕೊಳ್ಳಬೇಕು. ಹೊಟ್ಟೆಯ ಪಟ್ಟಿಯನ್ನು ಎರಡು ಬಾರಿ ಬಿಗಿಯಬೇಕೆಂಬ ಮಾತನ್ನು ನಾನು ಯಾವ ಓಲೆಯಲ್ಲಿಯೂ ಓದಲಿಲ್ಲ. ರಾಮದುರ್ಗದ ಟಾಂಗಾ ನಿಲ್ದಾಣದಲ್ಲಿ ಕೇಳಿದೆನು.